ಕುಂಡ ಹಗುರಾಗುವವರೆಗೆ

"ಮೇಡಂ, ನಿಮ್ಮ ಬಾಲ್ಕನಿಯಿಂದ ನೀರು ಸೋರಿ, ನಾನು ಬಿಚ್ಚಿಟ್ಟಿದ್ದ ವಾಚು ಸ್ನಾನ ಮಾಡ್ತಿದೆ."

ಬಾಗಿಲಲ್ಲಿ ನಿಂತವನು ಕೆಳಗಿನ ಅಂಗಡಿಯ ವಾಚ್ ರಿಪೇರಿಯವನು. ಅಂಗಡಿ ಮುಂದಿನ ಅವನ ಮೇಜು ಸರಿಯಾಗಿ ಅವಳ ಬಾಲ್ಕನಿಯ ಕೆಳಗಿತ್ತು. ತೋಳು ಒದ್ದೆ, ಮುಖ ಕೆಂಪು.

"ಗಿಡಕ್ಕೆ ನೀರು ಹಾಕಿದೆ," ಎಂದಳು ಅವಳು. "ಅದೂ ತಪ್ಪಾ?"

"ಗಿಡಕ್ಕೋ, ಕೆರೆಗೋ?"

"ಒಳಗೆ ಕರಿಯೇ," ಅತ್ತೆ ಕೂಗಿದರು. "ಜಗಳ ಕೂತ್ಕೊಂಡು ಆಡಿ."

ಬಾಲ್ಕನಿಯಲ್ಲಿ ಉಳಿದಿದ್ದದ್ದು ಒಂದೇ ನಿಂಬೆ ಸಸಿ. ಬೀಜ ಊರಿದ್ದು ಗಂಡ. ಮೊಳಕೆ ಬರುವ ಹೊತ್ತಿಗೆ ಅವನು ತೀರಿಹೋಗಿದ್ದ. ನೀರು ಹಾಕಲು ಅವನಿಟ್ಟಿದ್ದ ಅಲಾರಂ ಗಡಿಯಾರ ಮಾತ್ರ ಈಗಲೂ ಬೆಳಿಗ್ಗೆ, ಸಂಜೆ ಹೊಡೆಯುತ್ತಿತ್ತು. ಹೊಡೆದಾಗಲೆಲ್ಲ ಅವಳು ತಂಬಿಗೆ ಎತ್ತುತ್ತಿದ್ದಳು. ಮಿಕ್ಕ ಸಸಿಗಳು ಬಾಡಿದವು. ಬಾಡಿದಷ್ಟೂ ಹೆಚ್ಚು ನೀರು ಹಾಕಿದಳು.

ಇದೂ ಹೋದರೆ...

ರಿಪೇರಿಯವನು ಹಳದಿಯಾದ ಎಲೆ ನೋಡಿದ. ಮಣ್ಣಿಗೆ ಬೆರಳಿಳಿಸಿದ. ಸಿಟ್ಟು ಎಲ್ಲಿ ಹೋಯಿತೋ.

"ಇದಕ್ಕೆ ಬಾಯಾರಿಲ್ಲ. ಬೇರಿಗೆ ಉಸಿರು ಕಟ್ಟಿದೆ."

"ಟೈಮಿಗೆ ಸರಿಯಾಗಿ ಹಾಕ್ತೀನಲ್ಲ."

"ವಾಚ್ ರಿಪೇರಿಯವನೇ ಹೇಳ್ತಿದೀನಿ, ಕೇಳಿ. ಗಿಡ ಗಡಿಯಾರ ನೋಡಲ್ಲ." ಕುಂಡ ಎತ್ತಿ ಅವಳ ಕೈಗಿಟ್ಟ. "ಈ ಭಾರ ನೆನಪಿಟ್ಕೊಳ್ಳಿ. ದಿನಾ ಎತ್ತಿ ನೋಡಿ. ಹಗುರ ಅನ್ನಿಸ್ಬೇಕು, ಬೆರಳಿಳಿಸಿದ್ರೆ ಒಳಗೂ ಒಣಗಿರಬೇಕು. ಆಗ ತಳದಿಂದ ಸೋರೋ ಹಾಗೆ ಹಾಕಿ. ಹಾಕೋ ಮುಂಚೆ ನನಗೊಂದು ಕೂಗು ಹಾಕಿ, ಮೇಜು ಸರಿಸ್ಕೋತೀನಿ."

"ನಿಮಗೆ ಹೇಗೆ ಗೊತ್ತು?"

"ಬೇಕಾದಷ್ಟು ಗಿಡ ಮುಳುಗಿಸಿದೀನಿ."

ಎಷ್ಟೋ ದಿನಗಳ ನಂತರ ಅವಳ ತುಟಿ ಅಲುಗಿತು. ಅತ್ತೆ ಅದನ್ನು ನೋಡಿ, ಚಹಾಕ್ಕೆ ನೀರಿಡಲು ಹೋದರು.

ಆಮೇಲೆ ಅವನು ದಿನಾ ಸಂಜೆ ಬರತೊಡಗಿದ. ಕುಂಡ ಎತ್ತುವುದು, ಅತ್ತೆಯ ಚಹಾ, ನಾಲ್ಕು ಮಾತು. ಒಂದು ಸಂಜೆ ಅವನು ತಲೆ ತಗ್ಗಿಸಿ ಹೇಳಿಬಿಟ್ಟ:

"ಗಿಡ ನೆಪ. ನಾನು ಬರೋದು ನಿಮಗೋಸ್ಕರ."

ಅವಳು ಎದ್ದು ಒಳಗೆ ಹೋದಳು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ.

'ಇಷ್ಟೇನಾ? ಇಷ್ಟು ಬೇಗ ಸಾಕಾಯ್ತಾ ಇವನಿಗೆ?' ತಾನೇ ಎದ್ದು ಹೋದವಳು, ತಾನೇ ನೊಂದುಕೊಂಡು ಗೊಣಗಿದಳು.

"ಮುಖ ತಿರುಗಿಸಿದ್ದು ನೀನು, ಬೈಸ್ಕೊಳ್ಳೋದು ಆ ಪಾಪದವನು," ಎಂದರು ಅತ್ತೆ.

ಅಲಾರಂ ಹೊಡೆಯುತ್ತಲೇ ಇತ್ತು. ಅವಳು ಪ್ರತಿ ಸಲ ತಂಬಿಗೆ ಹಿಡಿದಳು, ಕುಂಡ ಎತ್ತಿದಳು, ತಂಬಿಗೆ ಕೆಳಗಿಟ್ಟಳು.

ಒಂದು ಬೆಳಿಗ್ಗೆ ಕುಂಡ ಹಗುರವಾಗಿ ಕೈಗೆ ಬಂತು. ತುದಿಯಲ್ಲಿ ಹೊಸ ಎಲೆ... ಎಳೆ ಹಸಿರು. ಕಣ್ಣು ಮಂಜಾಯಿತು. ಅವಳು ಬಾಲ್ಕನಿಯಿಂದ ಬಗ್ಗಿದಳು.

"ರೀ... ಮೇಜು ಸರಿಸಿ."

ಕೆಳಗೆ ನೋಡಿದರೆ ಮೇಜು ಆಗಲೇ ಗೋಡೆಯ ಕಡೆಗಿತ್ತು.

"ಮೊದಲ ದಿನವೇ ಸರಿಸಿಟ್ಟಿದೀನಿ," ಅವನು ತಲೆಯೆತ್ತಿದ. "ನಿಮ್ಮ ಕೂಗಿಗೆ ಕಾಯ್ತಾ ಇದ್ದೆ."

"ಮತ್ತೆ ಬರಲಿಲ್ಲ ಯಾಕೆ?"

"ದಿನಾ ಬಂದು ನಿಮಗೂ ಉಸಿರು ಕಟ್ಟಿಸ್ತಿದೀನೇನೋ ಅನ್ನಿಸ್ತು."

"ಮೇಲೆ ಬನ್ನಿ. ಹೊಸ ಎಲೆ ಬಂದಿದೆ," ಎಂದಳು ಅವಳು.

ಅವನು ಬಂದು ಪಕ್ಕದಲ್ಲಿ ಕೂರುವಾಗ ಒಳಗೆ ಅಲಾರಂ ಹೊಡೆಯಿತು. ಅವಳು ಏಳಲಿಲ್ಲ. ಅತ್ತೆ ಎದ್ದರು. ಮಗನ ಅಲಾರಂ ಮೇಲೆ ಒಂದು ಗಳಿಗೆ ಕೈಯಿಟ್ಟು, ನಿಲ್ಲಿಸಿದರು.

"ನಾನಿನ್ನೂ ಭಾರವಾಗೇ ಇದೀನಿ," ಎಂದಳು ಅವಳು.

"ಇರಿ," ಎಂದ ಅವನು. "ನನಗೇನೂ ಅವಸರ ಇಲ್ಲ."

ಅವಳು ತಂಬಿಗೆಯನ್ನು ಅವನ ಕೈಗೆ ಕೊಟ್ಟಳು.