ಸಂಕವ್ವ ಕಟ್ಟಿದ ಗುಡುಗುಬಂಡಿ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಆಗ ಸುಳಿಗಾಳಿ ಎಂಬುದೊಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಆನೆಗಳಿದ್ದವು, ಹಾರುವ ಮೀನುಗಳಿದ್ದವು, ಒಂದೇ ಒಂದು ಮೋಟರ್ ಸೈಕಲ್ಲೂ ಇತ್ತು. ಅದು ಹೊನ್ನಾಜಿಯದು.

ಹೊನ್ನಾಜಿ ಅರಮನೆಯ ಓಲೆಗಾರ್ತಿ. ಅವಳ ತಂಗಿ ಸಂಕವ್ವ. ಅಕ್ಕತಂಗಿಯರಿಗೆ ಒಬ್ಬರಿಗೊಬ್ಬರು ಬಿಟ್ಟರೆ ಬೇರೆ ದಿಕ್ಕಿಲ್ಲ. ಅಕ್ಕ ಗಾಡಿ ಓಡಿಸುತ್ತಿದ್ದಳು, ತಂಗಿ ಮನೆಯಂಗಳದಲ್ಲಿ ಅದರ ರಿಪೇರಿ ಮಾಡುತ್ತಿದ್ದಳು.

ಒಂದು ದಿನ ರಾಜ ಚಿತ್ರಧ್ವಜ ಹೊನ್ನಾಜಿಯನ್ನು ಕರೆಸಿ, "ಪಕ್ಕದ ರಾಜ್ಯಕ್ಕೆ ಹೋಗಿ ಕೇದಗೆಯ ಅತ್ತರು ತಾ" ಎಂದ. ಹೊನ್ನಾಜಿ ಗಿಡುಗನ ಕಣಿವೆಯ ದಾರಿ ಹಿಡಿದು ಹೋದಳು. ಹೋದವಳು ಬರಲಿಲ್ಲ.

ಬಂದದ್ದು ಗಾಡಿ ಮಾತ್ರ. ಮುಂಜಾನೆ ಎರಡು ದೈತ್ಯ ಹದ್ದುಗಳು ಅದನ್ನು ಕಾಲಲ್ಲಿ ಹಿಡಿದು ತಂದು ಅಂಗಳದಲ್ಲಿ ಕೆಡವಿದವು. ಹ್ಯಾಂಡಲ್ ಸೊಟ್ಟಗಾಗಿತ್ತು. ಹಿಂದಿನ ಗಾಲಿಯ ಕಡ್ಡಿಗಳು ಮುರಿದಿದ್ದವು. ಇಂಜಿನ್ನಿನಿಂದ ಕಪ್ಪು ಎಣ್ಣೆ ಸೋರುತ್ತಿತ್ತು.

"ಕಣಿವೆ ನಮ್ಮೊಡೆಯ ಕರಿಜಟಿಯದು," ಎಂದಿತು ಒಂದು ಹದ್ದು. "ಮಂತ್ರ ಹಾಕಿ ನಿನ್ನಕ್ಕನನ್ನು ತಾಮ್ರದ ಗೊಂಬೆ ಮಾಡಿದ್ದಾನೆ. ಈ ಗುಜರಿ ನಮಗೆ ಬೇಡ, ನೀನೇ ಇಟ್ಟುಕೋ."

ಸಂಕವ್ವ ಅರಮನೆಗೆ ಓಡಿದಳು. ರಾಜ ಉಯ್ಯಾಲೆಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

"ಕಣಿವೆಯಲ್ಲಿ ಮಾಂತ್ರಿಕ ಇದ್ದಾನೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು ಮಗು," ಎಂದ ರಾಜ. "ಮುಂಚೆಯೂ ಒಂದಷ್ಟು ಜನ ಅಲ್ಲೇ ಹೋದರು. ಹೇಳಿದ್ದರೆ ನಿನ್ನಕ್ಕ ಹೊರಡುತ್ತಿರಲಿಲ್ಲವಲ್ಲ!"

ಸಂಕವ್ವನ ಮೈಯೆಲ್ಲ ಉರಿಯಿತು. ಎದುರಿಗಿದ್ದ ಎಲೆಯಡಿಕೆ ತಟ್ಟೆಯನ್ನು ಒದ್ದಳು. ಕಾವಲಿನವರು ಅವಳ ರಟ್ಟೆ ಹಿಡಿದು ಹೊರಗೆ ದಬ್ಬಿದರು.

ಮನೆಗೆ ಬಂದವಳೇ ಸ್ಪ್ಯಾನರು, ಸುತ್ತಿಗೆ, ಇಕ್ಕಳಗಳನ್ನು ಅಂಗಳಕ್ಕೆ ಸುರಿದಳು. ಪಕ್ಕದ ಮನೆಯ ಮುದುಕ ಅಡಿವೆಪ್ಪ ಬೇಲಿಯಾಚೆಯಿಂದ ನೋಡಿದ.

"ಸಿಟ್ಟು ಮಾಡ್ಕೋಬೇಡ ತಾಯಿ."

"ಮತ್ತೇನು ಮಾಡ್ಕೊಳ್ಳಲಿ, ಪಾಯಸಾನಾ?"

"ನನ್ನ ಮಗನೂ ರಾಜನ ಕೆಲಸಕ್ಕೆ ಹೋದವನು ಬರಲಿಲ್ಲ, ಅದೇ ಕಣಿವೆ ಅಂತ ಈಗ ತಿಳೀತು. ನಾನು ಸುಮ್ಮನಿಲ್ವಾ?"

"ಸುಮ್ಮನಿದ್ದಿದ್ದಕ್ಕೆ ಮಗ ಬಂದನಾ?" ಎಂದು ಕೂಗಿದಳು ಸಂಕವ್ವ. ಅಡಿವೆಪ್ಪ ತಲೆ ತಗ್ಗಿಸಿ ಒಳಗೆ ಹೋದ. ಅವಳಿಗೆ ಪಾಪವೆನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

ಗಾಡಿ ಬಿಚ್ಚತೊಡಗಿದಳು. ಕರಿಜಟಿ ಅದನ್ನು ಮುರಿದು ಕಳಿಸಿದ್ದು ಸಾಲದೆಂದು ಒಳಗೆ ಮೂರು ಮಾಯೆಗಳನ್ನೂ ಇಟ್ಟಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ.

ಟ್ಯಾಂಕಿಗೆ ಪೆಟ್ರೋಲು ಸುರಿದಳು. ಗಟಗಟ ಸದ್ದಾಯಿತು, ಟ್ಯಾಂಕು ಖಾಲಿಯಾಯಿತು. ಮತ್ತೆ ಸುರಿದಳು, ಮತ್ತೆ ಖಾಲಿ. ಮೂರನೆಯ ಸಲವೂ ಖಾಲಿಯಾದಾಗ ಟ್ಯಾಂಕನ್ನೇ ಕಳಚಿದಳು. ಅದರೊಳಗೆ ಹುಣಸೆಹುಳಿಯ ನೀರು ಹುಯ್ದು, ಒಂದು ಹಿಡಿ ಬೆಣಚುಕಲ್ಲು ಹಾಕಿ, ಮುಚ್ಚಳ ಬಿಗಿದು, ತೋಳು ಬೀಳುವ ಹಾಗೆ ಕುಲುಕಿದಳು.

"ಅಯ್ಯೋ ನಿಲ್ಸಮ್ಮಾ! ತಲೆ ಒಡೆದುಹೋಯ್ತು!" ಎಂದು ಒಳಗಿನಿಂದ ಯಾರೋ ಕಿರುಚಿದರು.

ಮುಚ್ಚಳ ತೆಗೆದರೆ ಒಂದು ದಪ್ಪ ಕಪ್ಪೆ ಜಿಗಿದು ಹೊರಗೆ ಬಿತ್ತು. ಸಂಕವ್ವ ಸುತ್ತಿಗೆ ಎತ್ತಿದಳು.

"ಹೊಡೀಬೇಡ! ನಾನು ಕಣಿವೆಯ ಸುಂಕದ ಕಟ್ಟೆಯವನು. ಕರಿಜಟಿ ನನ್ನನ್ನು ಕಪ್ಪೆ ಮಾಡಿ, ಸುರಿದದ್ದನ್ನೆಲ್ಲ ಕುಡಿಯೋ ಹಾಗೆ ಶಾಪ ಹಾಕಿ ಇದರೊಳಗೆ ತುರುಕಿದ. ನಿನ್ನಕ್ಕನಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದೀನಿ."

"ಏನಾಯ್ತು? ಹೇಳು!"

"ಕರಿಜಟಿ ಮುದುಕನ ವೇಷದಲ್ಲಿ ನೀರು ಕೇಳಿದ. ಅವಳು ನಿಂತು ಗಾಡಿ ಆಫ್ ಮಾಡಿದಳು. ಅವನು ಪಿಸುಗುಟ್ಟಿದ, ಅಷ್ಟೇ. ಅವನ ಮಂತ್ರ ಪೂರ್ತಿ ಕಿವಿಗೆ ಬಿದ್ದವರು ತಾಮ್ರವಾಗ್ತಾರೆ. ಹತ್ತಿ ತುರುಕಿಕೊಂಡರೂ ನುಸುಳುತ್ತೆ. ಅವನಿಗೆ ಭಯ ಇರೋದು ಗುಡುಗಿಗೆ ಮಾತ್ರ. ಮಂತ್ರ ಯಾರ ಕಿವಿಗೂ ಬೀಳದೆ ಹೋದರೆ ತಿರುಗಿ ಅವನ ಬಾಯಿಗೇ ಹೋಗುತ್ತೆ."

ನೀರು ಕೊಡಲು ನಿಂತದ್ದಕ್ಕೆ ಅಕ್ಕನಿಗೆ ಈ ಗತಿ! ಸಂಕವ್ವ ಹಲ್ಲು ಕಚ್ಚಿದಳು. ಕಪ್ಪೆಯನ್ನು ನೀರಿನ ಬಾನಿಯೊಳಗೆ ಬಿಟ್ಟು, ಇಂಜಿನ್ನಿನ ಮುಂದೆ ಕೂತಳು.

ಇಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ದಿನವಿಡೀ ಉಜ್ಜಿ ಹೊಳೆಯಿಸಿದಳು. ಬೆಳಗಾದರೆ ಮತ್ತೆ ತುಕ್ಕು. ಮತ್ತೆ ಉಜ್ಜಿದಳು, ಮತ್ತೆ ತುಕ್ಕು. ಕೊನೆಗೆ ಸಿಲಿಂಡರಿನ ಒಳಗೆ ಬಗ್ಗಿ ನೋಡಿದರೆ ಕೆಂಪು ಹಾವೊಂದು ಸುರುಳಿ ಸುತ್ತಿ ಕಬ್ಬಿಣ ನೆಕ್ಕುತ್ತಿತ್ತು.

"ಯಾಕೆ ಒದ್ದಾಡ್ತೀಯ?" ಎಂದಿತು ಹಾವು. "ತಾಮ್ರವಾದವರಿಗೆ ಹಸಿವಿಲ್ಲ, ನೋವಿಲ್ಲ. ನಿನ್ನಕ್ಕ ಸುಖವಾಗಿದ್ದಾಳೆ. ನೀನೂ ಸುಖವಾಗಿರು."

"ಅವಳ ಸುಖ ಅವಳು ಹೇಳಲಿ, ನೀನ್ಯಾವನು ಹೇಳೋಕೆ!"

ಕುದಿಯುವ ಎಣ್ಣೆಯನ್ನು ಸಿಲಿಂಡರಿಗೆ ಹುಯ್ದಳು. ಇಕ್ಕಳದಿಂದ ಹಾವಿನ ಕುತ್ತಿಗೆ ಹಿಡಿದು ಎಳೆದಳು. ಅದು ಕೆಂಪು ಪುಡಿಯಾಗಿ ಉದುರಿತು. ಪಿಸ್ಟನ್ ಸರಕ್ಕನೆ ಸರಿಯಿತು.

ಇಷ್ಟಾದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ. ಕಿಕ್ಕರ್ ಹೊಡೆದೂ ಹೊಡೆದೂ ಹಿಮ್ಮಡಿ ಒಡೆಯಿತು. ಸ್ಪ್ಯಾನರನ್ನು ಗೋಡೆಗೆ ಬೀಸಿ ಎಸೆದಳು. ರಾಜನಿಗೆ ಬೈದಳು, ಕರಿಜಟಿಗೆ ಬೈದಳು, ಹೇಳಿದಲ್ಲಿಗೆಲ್ಲ ಹೋಗುವ ಅಕ್ಕನಿಗೂ ಬೈದಳು. ಬೈದು ಸುಸ್ತಾಗಿ ಕೂತಾಗ ಪ್ಲಗ್ಗಿನ ತುದಿಯಲ್ಲಿ ಎಳ್ಳಿನಷ್ಟು ಚಿಕ್ಕದೊಂದು ಪತಂಗ ಕಂಡಿತು. ಹುಟ್ಟಿದ ಕಿಡಿಯನ್ನೆಲ್ಲ ಅದೇ ತಿನ್ನುತ್ತಿತ್ತು. ಕೈ ಹಾಕಿದರೆ ಒಳಗೆ ಅಡಗುತ್ತಿತ್ತು.

ಸಂಕವ್ವ ಗಾಡಿಯನ್ನು ಕೋಣೆಯೊಳಗೆ ತಳ್ಳಿದಳು. ನಡುಹಗಲಲ್ಲೇ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ, ಮೂಲೆಯಲ್ಲಿ ಒಂದು ದೀಪ ಹಚ್ಚಿಟ್ಟಳು. ಪತಂಗಕ್ಕೆ ತಡೆಯಲಾಗಲಿಲ್ಲ. ಹಾರಿ ಬಂದು ದೀಪಕ್ಕೆ ಬಿತ್ತು, ಚಟ್ಟೆಂದು ಸುಟ್ಟುಹೋಯಿತು. ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು.

ಆದರೆ ಅದು ಅಕ್ಕನ ಮೆದು ದನಿಯ ಗಾಡಿ, ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಸಂಕವ್ವನಿಗೆ ಗುಡುಗು ಬೇಕಿತ್ತು. ಗರಗಸ ತೆಗೆದುಕೊಂಡು ಸೈಲೆನ್ಸರನ್ನು ಕತ್ತರಿಸಿದಳು. ಕೋಟೆಯ ಕಸದಲ್ಲಿ ಬಿದ್ದಿದ್ದ ಒಡಕು ಕಹಳೆಯ ಬಾಯನ್ನು ಅಲ್ಲಿಗೆ ಬೆಸೆದಳು. ಮಣ್ಣು ಸಿಕ್ಕಿಕೊಳ್ಳಬಾರದೆಂದು ಮಡ್‌ಗಾರ್ಡ್ ಕಿತ್ತಳು. ಹಿಂದಿನ ಗಾಲಿಗೆ ಹೊಸ ಕಡ್ಡಿ ಹೆಣೆದಳು, ಹ್ಯಾಂಡಲನ್ನು ಬಡಿದು ಎತ್ತರಿಸಿದಳು. ಆಮೇಲೆ ನಿಂತು ಯೋಚಿಸಿದಳು. ತಾಮ್ರದ ಅಕ್ಕನನ್ನು ಯಾವುದರಲ್ಲಿ ತರುವುದು?

ಆಗ ಬೇಲಿ ಕಿರುಗುಟ್ಟಿತು. ಅಡಿವೆಪ್ಪ ಕಬ್ಬಿಣದ ಮಂಚವೊಂದನ್ನು ಎಳೆದು ತರುತ್ತಿದ್ದ.

"ನನ್ನ ಮಗನ ಮಂಚ," ಎಂದ. "ಸುಮ್ಮನಿದ್ದು ಸಾಕಾಯ್ತು. ಇದನ್ನು ಗಾಡಿಯ ಪಕ್ಕಕ್ಕೆ ಕಟ್ಟು."

ಇಬ್ಬರೂ ಸೇರಿ ಮಂಚವನ್ನು ಕತ್ತರಿಸಿ, ಬಾಗಿಸಿ, ಬೆಸೆದು, ಕೆಳಗೊಂದು ಗಾಲಿ ಇಟ್ಟು, ಪಕ್ಕದ ತೊಟ್ಟಿ ಮಾಡಿದರು. ಕಪ್ಪೆ ಅದರಲ್ಲಿ ಹತ್ತಿ ಕೂತಿತು. ಸಂಕವ್ವ ಕಿಕ್ಕರ್ ಒದ್ದಳು. ಗಾಡಿ ಗುಡುಗಿತು. ಬೀದಿಯ ಹೆಂಚುಗಳು ನಡುಗಿದವು.

ಕಣಿವೆಯ ಎರಡೂ ಬದಿಗೆ ತಾಮ್ರದ ಜನ ಸಾಲಾಗಿ ನಿಂತಿದ್ದರು. ಹದ್ದುಗಳು ಮೇಲಿನಿಂದ ಎರಗಿದವು, ಸದ್ದಿಗೆ ಬೆದರಿ ಚದುರಿದವು. ತಿರುವಿನಲ್ಲಿ ಒಬ್ಬ ಮುದುಕ ಕೈ ಚಾಚಿ ನಿಂತಿದ್ದ.

"ಮಗಳೇ, ಬಾಯಾರಿದೆ. ಗಾಡಿ ನಿಲ್ಲಿಸು."

"ಅವನೇ!" ಎಂದಿತು ಕಪ್ಪೆ.

ಸಂಕವ್ವ ನಿಲ್ಲಿಸಲಿಲ್ಲ. ಆದರೆ ಏರು ಕಡಿದಾಗಿತ್ತು. ಗಾಡಿ ಕೆಮ್ಮಿತು, ಮುಗ್ಗರಿಸಿತು, ಆಫ್ ಆಯಿತು.

ಕಣಿವೆಯಲ್ಲಿ ಸದ್ದೇ ಇಲ್ಲ. ಮುದುಕನ ವೇಷ ಕಳಚಿತು. ಕರಿಜಟಿ ನಗುತ್ತ ಬಾಯಿ ತೆರೆದು ಪಿಸುಗುಟ್ಟತೊಡಗಿದ. ಸಂಕವ್ವ ಕಿಕ್ಕರ್ ಒದ್ದಳು. ಆಗಲಿಲ್ಲ. ಎಡಗೈ ಬೆರಳುಗಳು ತಣ್ಣಗಾದವು, ತಾಮ್ರವಾದವು. ಮತ್ತೆ ಒದ್ದಳು. ಆಗಲಿಲ್ಲ. ತಾಮ್ರ ಮೊಣಕೈಗೆ ಏರಿತು. "ನನ್ನಕ್ಕನ್ನ ಕೊಡೋ!" ಎಂದು ಅರಚಿ, ಒಡೆದ ಹಿಮ್ಮಡಿಯಿಂದಲೇ ಮೂರನೆಯ ಸಲ ಒದ್ದಳು.

ಗಾಡಿ ಗುಡುಗಿತು. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದಳು. ಕಹಳೆಯ ಬಾಯಿಂದ ಹೊರಟ ಆರ್ಭಟ ಎರಡು ಬೆಟ್ಟಗಳಿಗೂ ಬಡಿದು ದುಪ್ಪಟ್ಟಾಯಿತು. ಕರಿಜಟಿಯ ತುಟಿಗಳು ಆಡುತ್ತಿದ್ದವು, ಮಾತು ಯಾರ ಕಿವಿಗೂ ಬೀಳಲಿಲ್ಲ. ಮಂತ್ರ ತಿರುಗಿ ಅವನ ಬಾಯಿಗೇ ಹೋಯಿತು. ಮೊದಲು ನಾಲಿಗೆ ತಾಮ್ರವಾಯಿತು, ಆಮೇಲೆ ಗಂಟಲು, ಆಮೇಲೆ ಇಡೀ ಮೈ.

ಮರುಕ್ಷಣವೇ ಸಾಲು ಸಾಲಾಗಿ ನಿಂತಿದ್ದ ಜನ ಉಸಿರೆಳೆದುಕೊಂಡರು. ಸಂಕವ್ವನ ತಾಮ್ರದ ಕೈ ಮತ್ತೆ ಕೈಯಾಯಿತು. ತೊಟ್ಟಿಯಲ್ಲಿದ್ದ ಕಪ್ಪೆ ಬೋಳುತಲೆಯ ಸುಂಕದವನಾಗಿ ಎದ್ದು ನಿಂತಿತು. ಹೊನ್ನಾಜಿ ಕಣ್ಣುಜ್ಜಿಕೊಂಡು ಗಾಡಿಯ ಹತ್ತಿರ ಬಂದಳು.

"ಮಡ್‌ಗಾರ್ಡ್ ಎಲ್ಲಿ? ನನ್ನ ಗಾಡಿಗೆ ಏನೇ ಮಾಡಿದ್ದೀಯ?"

"ನಿನ್ನ ಗಾಡಿಯಂತೆ! ಯಾರದ್ದೋ ಅತ್ತರಿಗೆ ಹೋಗಿ ಗೊಂಬೆ ಆಗಿ ನಿಂತಿದ್ದೀಯ, ಮಡ್‌ಗಾರ್ಡ್ ಕೇಳ್ತೀಯ?" ಎಂದು ಸಂಕವ್ವ ಅಕ್ಕನ ಭುಜಕ್ಕೆ ಗುದ್ದಿದಳು. ಗುದ್ದುತ್ತ ಗುದ್ದುತ್ತಲೇ ಅಳತೊಡಗಿದಳು. ಹೊನ್ನಾಜಿ ಅವಳನ್ನು ಬಿಗಿಯಾಗಿ ಹಿಡಿದುಕೊಂಡಳು.

ನಡೆಯಲಾಗದವರನ್ನು ತೊಟ್ಟಿಯಲ್ಲಿ ಕೂರಿಸಿ ಎಲ್ಲರೂ ಊರಿಗೆ ಬಂದರು. ಅಡಿವೆಪ್ಪ ಮಗನನ್ನು ಕಂಡು ಬೀದಿಯಲ್ಲೇ ಓಡಿಹೋಗಿ ತಬ್ಬಿಕೊಂಡ. ಕೋಟೆಯ ಬಾಗಿಲಲ್ಲಿ ರಾಜ ಹೂಮಾಲೆ ಹಿಡಿದು ನಿಂತಿದ್ದ.

"ಭಲೇ ಹುಡುಗಿ! ಇವತ್ತು ಊರಿಗೆಲ್ಲ ಔತಣ."

"ಔತಣ ಆಮೇಲೆ," ಎಂದಳು ಸಂಕವ್ವ. "ಮೊದಲು ಇವರೆಲ್ಲರ ಮನೆಗೂ ಹೋಗಿ. ಬಾಗಿಲು ತಟ್ಟಿ. 'ನನಗೆ ಗೊತ್ತಿತ್ತು, ಹೇಳಲಿಲ್ಲ' ಅಂತ ನಿಮ್ಮ ಬಾಯಲ್ಲೇ ಹೇಳಿ."

ರಾಜ ಅರಮನೆಯ ಕಡೆ ತಿರುಗಿದ. ದಾರಿಗೆ ಅಡ್ಡವಾಗಿ ಜನ ನಿಂತಿದ್ದರು. ಕಾವಲಿನವರ ಕಡೆ ನೋಡಿದ. ಕಾವಲಿನವರ ಅಣ್ಣತಮ್ಮಂದಿರೂ ತಾಮ್ರವಾಗಿದ್ದವರೇ. ಅವರು ಈಟಿ ಇಳಿಸಿದರು.

ರಾಜ ಬರಿಗಾಲಲ್ಲಿ ಮನೆ ಮನೆಗೂ ಹೋದ. ಒಬ್ಬಳು ತಾಯಿ ಅವನ ಮುಂದೆ ಎದೆ ಬಡಿದುಕೊಂಡು ಅತ್ತಳು, ಒಬ್ಬ ನೀರು ಕೊಟ್ಟ. ಅಡಿವೆಪ್ಪ ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿದ. ಕೊನೆಯ ಮನೆ ಮುಗಿಯುವಷ್ಟರಲ್ಲಿ ರಾಜನ ದನಿ ಬಿದ್ದುಹೋಗಿತ್ತು. ಅವನು ಮತ್ತೆಂದೂ ತನಗೆ ಗೊತ್ತಿದ್ದನ್ನು ಜನರಿಂದ ಮುಚ್ಚಿಡಲಿಲ್ಲ.

ಕಣಿವೆಯ ದಾರಿ ತೆರೆಯಿತು. ಹೋದವರು ಬಂದರು, ಬಂದವರು ಉಂಡರು, ಉಂಡವರು ನೆಮ್ಮದಿಯಾಗಿ ಬಾಳಿದರು. ಸಂಕವ್ವನ ಸಿಟ್ಟು ಇಳಿಯುವುದಕ್ಕೆ ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು. ಬೇಗ ಇಳಿಸಿಕೋ ಎಂದು ಆ ಊರಲ್ಲಿ ಯಾರೂ ಅವಳಿಗೆ ಹೇಳಲಿಲ್ಲ.