ಪಕ್ಕದ ಸೀಟಿನ ತೂಕ

ಅವರು ಮೊದಲ ದಿನ ಅಂಗಡಿಗೆ ಬಂದಾಗ ಕಂಕುಳಲ್ಲಿ ಅಡುಗೆಮನೆಯ ತಕ್ಕಡಿ ಇತ್ತು. ಹಿಟ್ಟು, ಸಕ್ಕರೆ ತೂಗುತ್ತಾರಲ್ಲ, ಅಂಥ ಬಿಳಿಯ ಡಿಜಿಟಲ್ ತಕ್ಕಡಿ. ಅದನ್ನು ಕೌಂಟರಿನ ಮೇಲಿಟ್ಟು, ಬಟನ್ ಒತ್ತಿ, ಸೊನ್ನೆ ಬರುವವರೆಗೆ ಕಾದು, ಆಮೇಲೆ ನನ್ನ ಮುಖ ನೋಡಿದರು.

“ಸ್ಪೋರ್ಟ್ಸ್ ಕಾರಿಗೆ ಹಗುರವಾದ ಬ್ಯಾಟರಿ ಬೇಕಿತ್ತು. ತೂಗಿ ನೋಡಿ ತಗೋಬಹುದಾ?”

“ತೂಕ ಡಬ್ಬದ ಮೇಲೇ ಬರೆದಿದೆ.”

“ಬರೆಯೋರು ತೂಗಿರ್ತಾರೆ ಅಂತ ಏನು ಗ್ಯಾರಂಟಿ?”

ನಾನು ಹನ್ನೊಂದು ವರ್ಷದಿಂದ ಬ್ಯಾಟರಿ ಮಾರುತ್ತಿದ್ದೇನೆ. ಇಡೀ ಬೀದಿ ನನ್ನನ್ನು ಬ್ಯಾಟರಿ ಮೇಡಂ ಎಂದೇ ಕರೆಯುತ್ತದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇದ್ದುದರಲ್ಲೇ ಹಗುರವಾದ ಲಿಥಿಯಂ ಬ್ಯಾಟರಿಯನ್ನು ತಂದು ತಕ್ಕಡಿಯ ಮೇಲೆ ಕುಕ್ಕಿದೆ. ಡಬ್ಬದ ಮೇಲೆ ಎರಡೂವರೆ ಕಿಲೋ ಎಂದಿತ್ತು.

“ಇನ್ನೂರ ತೊಂಬತ್ತು ಗ್ರಾಂ ಜಾಸ್ತಿ ಇದೆ,” ಎಂದರು, ಗೆದ್ದ ಖುಷಿ ಕಾಣಬಾರದೆಂದು ಕೆಳತುಟಿ ಕಚ್ಚಿಕೊಂಡು. ನನಗೆ ಮೈಯೆಲ್ಲ ಉರಿಯಿತು. ಹಾಳಾದ್ದು, ನಗುವೂ ಬಂತು. ಈಗ ಯೋಚಿಸಿದರೆ ನಾನು ಜಾರಿದ್ದು ಅಲ್ಲೇ.

ಅವರದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ವಾರವೆಲ್ಲ ಜನರ ಕಣ್ಣು ಪರೀಕ್ಷೆ, ಭಾನುವಾರ ಮಾತ್ರ ಎರಡು ಸೀಟಿನ ಆ ಕೆಂಪು ಕಾರು. ಮುಂದಿನ ತಿಂಗಳು ಬೆಟ್ಟದ ರಸ್ತೆಯಲ್ಲಿ ರೇಸ್ ಇತ್ತು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಮುಂದಿನ ತಿರುವು ಎಂಥದ್ದೆಂದು ಓದಿ ಹೇಳಬೇಕು.

“ಪಕ್ಕದಲ್ಲಿ ಯಾರು ಕೂರೋದು?” ಎಂದು ಕೇಳಿದೆ, ಬಿಲ್ ಪುಸ್ತಕ ಹುಡುಕುವವಳಂತೆ ತಲೆ ತಗ್ಗಿಸಿ.

“ಧೈರ್ಯ ಇರೋರು,” ಎಂದು ನನ್ನನ್ನೇ ನೋಡಿ ನಕ್ಕರು. ಬಿಲ್ ಪುಸ್ತಕ ಕೈಯಲ್ಲೇ ಇತ್ತು, ನಾನು ಇನ್ನೂ ಹುಡುಕುತ್ತಿದ್ದೆ.

ಅವತ್ತು ಆ ಚಿಕ್ಕ ಬ್ಯಾಟರಿಯನ್ನು ನಾನು ಕೊಡಲಿಲ್ಲ. “ಇದು ಒಂದು ಸಲ ಸ್ಟಾರ್ಟ್ ಮಾಡುತ್ತೆ. ದಾರೀಲಿ ಇಂಜಿನ್ ನಿಂತು ಎರಡನೇ ಸಲ ಕೇಳಿದ್ರೆ ಮುಖ ತಿರುಗಿಸ್ಕೊಳ್ಳುತ್ತೆ,” ಎಂದೆ. ಅದಕ್ಕಿಂತ ಎರಡು ಕಿಲೋ ಭಾರದ, ಶಕ್ತಿ ಹೆಚ್ಚಿರುವ ಇನ್ನೊಂದನ್ನು ತೋರಿಸಿದೆ. ಎರಡು ಕಿಲೋ ಎಂದ ಕೂಡಲೇ ಅವರ ಮುಖ ಸಣ್ಣದಾಯಿತು.

“ನಿಮ್ಮ ಹಳೇದು ಹದಿನೆಂಟು ಕಿಲೋ ಇತ್ತಲ್ಲ. ಹದಿಮೂರು ಉಳೀತು. ಇನ್ನೆಷ್ಟು ಆಸೆ?”

ಅವರು ನನ್ನ ಕಣ್ಣನ್ನೇ ನೋಡಿದರು. “ನೀವು ಹೇಳಿದ ಮೇಲೆ ಮುಗೀತು,” ಎಂದರು. ಆ ಮಾತನ್ನು ನಾನು ಆ ವಾರವೆಲ್ಲ ಮನಸ್ಸಿನಲ್ಲೇ ಮೆಲುಕು ಹಾಕಿದೆ.

ಬ್ಯಾಟರಿ ಕೊಂಡವರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಇವರು ಬರುತ್ತಲೇ ಇದ್ದರು. ಒಂದು ದಿನ ಟರ್ಮಿನಲ್ ಯಾವ ಬದಿಗೆ ಎಂದು, ಇನ್ನೊಂದು ದಿನ ಇಂಜಿನ್ನಿನ ಬಿಸಿ ತಾಗದಂತೆ ಎಲ್ಲಿಡಲಿ ಎಂದು, ಮತ್ತೊಂದು ದಿನ ಏನೂ ಕಾರಣವಿಲ್ಲದೆ ಎರಡು ಕಾಫಿ ಹಿಡಿದುಕೊಂಡು. ಒಮ್ಮೆ ನನ್ನ ಕನ್ನಡಕದ ಮೇಲೆ ಗ್ರೀಸ್ ಮೆತ್ತಿತ್ತು. ಕೇಳದೆಯೇ ಅದನ್ನು ತೆಗೆದು, ಜೇಬಿನ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮುಖಕ್ಕೆ ಹಾಕಿದರು. ಬೆರಳು ಕಿವಿಗೆ ತಾಗಿತು. ಮೂವತ್ತನಾಲ್ಕು ವರ್ಷದ ಹೆಂಗಸು, ಕಿವಿ ಕೆಂಪಗೆ ಮಾಡಿಕೊಂಡು ನಿಂತಿದ್ದೆ.

ಅಷ್ಟು ಭಾರ ಕಡಿಮೆಯಾದರೆ ಕಾರು ನಾಲ್ಕು ಚಕ್ರದ ಮೇಲೂ ಸರಿಯಾಗಿ ಕೂರುವುದಿಲ್ಲ, ತಿರುವಿನಲ್ಲಿ ಓರೆ ಎಳೆಯುತ್ತದೆ. ಅದಕ್ಕೆ ನಾಲ್ಕೂ ಚಕ್ರದ ಕೆಳಗೆ ತೂಕದ ಹಲಗೆ ಇಟ್ಟು, ಒಳಗೆ ಕೂರುವವರ ಭಾರವನ್ನೂ ಹೇರಿ, ಸ್ಪ್ರಿಂಗುಗಳನ್ನು ಏರಿಸಿ ಇಳಿಸಿ ಸರಿಮಾಡಬೇಕು. ಹಲಗೆಗಳು ನನ್ನ ಹತ್ತಿರ ಇದ್ದವು. ಭಾನುವಾರ ಅಂಗಡಿಗೆ ರಜೆ. ಹಿಂದಿನ ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ತಮ್ಮ ಸೀಟಿನಲ್ಲಿ ತಮ್ಮ ತೂಕದಷ್ಟು ಮರಳಿನ ಮೂಟೆಗಳನ್ನು ಇಟ್ಟು, ಇನ್ನೊಂದು ಬಾಗಿಲು ತೆರೆದು ಹಿಡಿದರು.

“ನೀವು ಕೂತ್ಕೊಳ್ಳಿ.”

“ನಾನಾ?”

“ಯಾಕೆ, ತೂಕ ಗೊತ್ತಾಗಿಬಿಡುತ್ತೆ ಅಂತ ಭಯಾನಾ?”

ಐವತ್ತೆರಡು ಕಿಲೋ. ಅವರು ಜೋರಾಗಿಯೇ ಓದಿದರು, ನಾನು ಕೈ ಒರೆಸುವ ಬಟ್ಟೆಯನ್ನು ಅವರ ಮೇಲೆ ಎಸೆದೆ. ಸ್ಪ್ಯಾನರ್ ಹಿಡಿದು ಅವರು ಚಕ್ರದ ಬಳಿ ಕೂತರೆ, ನಾನು ಒಳಗಿನಿಂದ ಹಲಗೆಗಳ ತೂಕ ತೋರಿಸುವ ಪರದೆ ನೋಡಿ ಅಂಕಿ ಹೇಳುತ್ತಿದ್ದೆ. ಎರಡು ಭಾನುವಾರ ಹೀಗೇ ಹೋಯಿತು. ಅಪ್ಪ ತೀರಿಹೋದ ಮೇಲೆ ಅಂಗಡಿ ನನ್ನ ಕೈಗೆ ಬಂದದ್ದು, ಅವರಿಗೆ ಮೊದಲ ರೇಸಿನಲ್ಲಿ ವಾಂತಿಯಾದದ್ದು, ಎಲ್ಲ ಮಾತಾಡಿದೆವು. ಆ ಸೀಟು ನನ್ನ ಬೆನ್ನಿಗೆ ಹೊಂದಿಕೊಂಡುಬಿಟ್ಟಿತ್ತು.

ಮೂರನೆಯ ಭಾನುವಾರಕ್ಕೆ ಮುಂಚಿನ ಸಂಜೆ ಅಮ್ಮ ಎದುರು ಬಂದು ನಿಂತಳು. ಒಬ್ಬ ಕಾಲೇಜು ಮೇಷ್ಟ್ರ ಸಂಬಂಧ ಬಂದಿತ್ತು. ಎರಡು ಸಲ ಭೇಟಿಯೂ ಆಗಿತ್ತು. ಮನುಷ್ಯ ಒಳ್ಳೆಯವರು, ನನ್ನ ಅಂಗಡಿಯ ಬಗ್ಗೆ ಗೌರವದಿಂದ ಕೇಳಿದ್ದರು. ನಾನೇ ಒಂದು ತಿಂಗಳಿಂದ ಸತಾಯಿಸುತ್ತಿದ್ದೆ.

“ಇವತ್ತು ಹೇಳಿಬಿಡು ಕಣೇ. ಅವರನ್ನ ಎಷ್ಟು ದಿನ ಕಾಯಿಸ್ತೀಯ?”

“ಬೇಡ ಅಂದುಬಿಡಮ್ಮ.”

“ಯಾರಾದ್ರೂ ಇದ್ದಾರಾ?”

“ಇದ್ದಾರೆ,” ಎಂದೆ. ಅಮ್ಮ ನನ್ನ ಎದುರೇ ಫೋನ್ ಮಾಡಿ ಆ ಕಡೆಯವರಿಗೆ ತಿಳಿಸಿದಳು.

ಮರುದಿನ ಬೆಳಿಗ್ಗೆ ನಾನು ಕಾರಿನೊಳಗೆ ಕೂತ ಮೇಲೆ ಅವರು ಒಂದು ಚರ್ಮದ ಚೀಲ ತಂದು ನನ್ನ ಮಡಿಲಲ್ಲಿಟ್ಟರು. ಒಳಗೆ ನಟ್ಟು, ಬೋಲ್ಟುಗಳು.

“ಏನಿದು?”

“ಮೂರು ಕಿಲೋ. ಮನೇಲೇ ತೂಗಿ ತಂದೆ. ಇವತ್ತು ಫೈನಲ್ ಸೆಟ್ಟಿಂಗ್ ಅಲ್ವಾ, ಸರಿಯಾಗಿರಲಿ.”

“ನಾನು ಐವತ್ತೆರಡೇ ಇದ್ದೀನಲ್ಲ. ರೇಸಲ್ಲಿ ಕೂರೋದು ನಾನೇ ಆದ್ರೆ ಈ ಮೂರು ಕಿಲೋ ಯಾಕೆ?”

ಅಷ್ಟರಲ್ಲಿ ಚಕ್ರದ ಬಳಿ ಬಗ್ಗಿ ಕೆಲಸ ಶುರುಮಾಡಿದ್ದವರು ತಲೆ ಎತ್ತಲಿಲ್ಲ. ಸ್ಪ್ಯಾನರ್ ಮಾತ್ರ ನಿಂತಿತು.

“ಅವಳು ಐವತ್ತೈದು,” ಎಂದರು.

ಅವಳು ಯಾರೆಂದು ನಾನು ಕೇಳಬೇಕಾಗಲಿಲ್ಲ. ಅವರೇ ಹೇಳಿದರು. ಬೇರೆ ಊರಿನಲ್ಲಿ ಕೆಲಸ, ಮೂರು ವರ್ಷದ ಪರಿಚಯ, ರೇಸಿನ ವಾರ ಬಂದು ಪಕ್ಕದಲ್ಲಿ ಕೂರುತ್ತಾಳೆ, ಅದು ಮುಗಿದ ಮೇಲೆ ಮದುವೆ. ಹೇಳುವಾಗ ಅವರ ಧ್ವನಿ ಗಿರಾಕಿಗೆ ಕನ್ನಡಕದ ನಂಬರ್ ಹೇಳುವಷ್ಟು ಸಮಾಧಾನವಾಗಿತ್ತು.

ಮಡಿಲಲ್ಲಿ ಆ ಚೀಲ ಹಾಗೇ ಇತ್ತು. ಎದ್ದು ಹೋಗಬೇಕೆನಿಸಿತು. ಆದರೆ ಮುಂದಿನ ಎಡಚಕ್ರ ಇನ್ನೂ ಆರು ಕಿಲೋ ಹಗುರ ತೋರಿಸುತ್ತಿತ್ತು.

“ಇಳೀತೀರಾ?” ಎಂದು ಕೇಳಿದರು.

“ಇಲ್ಲ. ಮುಗಿಸಿ. ಓರೆ ಕಾರು ನನ್ನ ಶೆಡ್ಡಿಂದ ಆಚೆ ಹೋಗಲ್ಲ.”

ಅವರು ಮತ್ತೆ ಸ್ಪ್ಯಾನರ್ ತಿರುಗಿಸತೊಡಗಿದರು. ನಾನು ಅಂಕಿ ಹೇಳುತ್ತಾ ಹೋದೆ. ಐದು. ನಾಲ್ಕು. ಮೂರೂವರೆ. ಅವರ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಹೇಳುವ ಧೈರ್ಯ ಬಂತು.

“ನಿಮ್ಮನ್ನ ತುಂಬಾ ಇಷ್ಟಪಟ್ಟಿದ್ದೆ ನಾನು. ನಿನ್ನೆ ಮನೇಲೂ ಹೇಳಿಬಿಟ್ಟೆ.”

“ಗೊತ್ತಿತ್ತು,” ಎಂದಿತು ಚಕ್ರದ ಕಡೆಯ ಧ್ವನಿ. “ಮನೇಲಿ ಹೇಳಿದ್ದಲ್ಲ. ಇಷ್ಟಪಟ್ಟಿದ್ದು.”

“ಯಾವಾಗಿಂದ?”

“ಮೊದಲನೇ ಭಾನುವಾರದಿಂದ.”

ಗೊತ್ತಿರಲಿಲ್ಲ ಎಂದಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಸುಳ್ಳಾದರೂ ಸರಿ, ಹೇಳಬಹುದಿತ್ತು.

“ನಿಮ್ಮ ಸೀಟಲ್ಲಿ ಇಟ್ಟ ಹಾಗೆ ಇಲ್ಲೂ ಮರಳಿನ ಮೂಟೆ ಇಡಬಹುದಿತ್ತಲ್ಲ?”

“ಮೂಟೆ ಜೊತೆ ಮಾತಾಡೋಕಾಗುತ್ತಾ? ನನಗೆ ಈ ಭಾನುವಾರಗಳು ಬೇಕಿದ್ವು. ಹೇಳಿಬಿಟ್ರೆ ನೀವು ಬರಲ್ಲ ಅಂತ ಸುಮ್ಮನಿದ್ದೆ.”

ಅಷ್ಟು ಸಲೀಸಾಗಿ ಹೇಳಿದರು. ನನಗೂ ಬೇಕಿದ್ದವು ಆ ಭಾನುವಾರಗಳು. ವ್ಯತ್ಯಾಸ ಇಷ್ಟೇ, ಅವರಿಗೆ ಅವು ಮೂರೇ ಸಾಕಾಗಿದ್ದವು.

ನಾಲ್ಕೂ ಚಕ್ರದ ಲೆಕ್ಕ ಸರಿಹೋಯಿತು. “ಬಂತು,” ಎಂದೆ. ಚೀಲವನ್ನು ಸೀಟಿನ ಮೇಲಿಟ್ಟು ಇಳಿದೆ. ಕಾಲು ಜೋಮು ಹಿಡಿದಿತ್ತು, ಬಾಗಿಲು ಹಿಡಿದುಕೊಂಡು ನಿಂತೆ. ಅವರು ಕೈ ಚಾಚಿದರು, ನಾನು ನೋಡದವಳಂತೆ ಇದ್ದೆ.

ಮೂಟೆಗಳನ್ನು ಇಳಿಸಿ, ಕೈ ಒರೆಸಿಕೊಂಡು, ಹೊರಡುವ ಮುಂಚೆ ಕೇಳಿದರು: “ಆಗಾಗ ಬರ್ತಾ ಇರಲಾ?”

“ಒಳ್ಳೇ ಬ್ಯಾಟರಿ ಕೊಟ್ಟಿದ್ದೀನಿ. ಆರು ವರ್ಷ ನೀವು ಈ ಕಡೆ ಬರೋ ಅಗತ್ಯ ಬೀಳಲ್ಲ.”

ಅವರು ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿ, ಒಳಗೆ ಕೂತು, ಗಾಜು ಇಳಿಸಿ, ನನ್ನ ಕಡೆ ನೋಡುತ್ತಲೇ ಕೀ ತಿರುಗಿಸಿದರು. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅಷ್ಟು ಬೇಗ ಆಗದಿದ್ದರೆ ಅವರು ಆ ಮಾತನ್ನು ಹೇಳಿಬಿಡುತ್ತಿದ್ದರೇನೋ.