ಪಟ್ಟಿಯ ಮೂರನೆಯ ಮುಖ

ಬಾವಾನ ಕೈ ನನ್ನ ಕುತ್ತಿಗೆಯ ಮೇಲಿತ್ತು. ಉಸಿರು ಸಿಕ್ಕಿಕೊಂಡಿತ್ತು.

ಮೆಲ್ಕಾರಿನ ಮದುವೆ ಹಾಲ್. ಅಡುಗೆ ಕೋಣೆಯ ಹಿಂದಿನ ಗೋಡೆ. ಒಳಗೆ ನಿಕಾಹ್‌ಗೆ ಇನ್ನು ಐದೇ ನಿಮಿಷ!

"ಕ್ಯಾಮೆರಾದ ಕಾರ್ಡ್ ತೆಗೆದು ಕೊಡು ಶುಕೂರ್. ನಿಕಾಹ್ ಆಗುವ ತನಕ ಇಲ್ಲೇ ಇರು."

ಬಾವಾ ಅಂದರೆ ಮದುಮಗ ಫಾಝಿಲನ ಅಣ್ಣ.

ನಾನು ಫೋಟೋಗ್ರಾಫರ್. ಜೊತೆಗೆ ಇನ್ನೊಂದು ಕಸುಬೂ ಇದೆ... ಹುಡುಗ ಹೇಗೆ ಎಂದು ವಿಚಾರಿಸಿ ಹೆಣ್ಣಿನ ಕಡೆಗೆ ತಿಳಿಸುವುದು. ಅವನ ಊರು ಮಾಣಿಯ ಅಂಗಡಿ, ಮಸೀದಿ ಎಲ್ಲ ಸುತ್ತಿ, ಫಾಝಿಲ್ ಚಿನ್ನದಂಥ ಹುಡುಗ ಎಂದು ಹನೀಫಾಕನಿಗೆ ಹೇಳಿದವನು ನಾನೇ. ಅವರ ಮಗಳು ಫಾಯಿಝಾ ಒಪ್ಪಿದ್ದು ಆ ಮಾತಿನ ಮೇಲೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅರ್ಧ ಗಂಟೆ ಮೊದಲು ಹನೀಫಾಕ, ಫಾಝಿಲ್ ಸ್ಟೇಜಿನಲ್ಲಿ ಪಕ್ಕಪಕ್ಕ ಕೂತಿದ್ದರು. ಹನೀಫಾಕನ ಕಣ್ಣಿಗೆ ಫೋಕಸ್ ಇಟ್ಟೆ. ಪರದೆಯ ಫೋಕಸ್ ಚೌಕ ತಾನಾಗಿ ಫಾಝಿಲನ ಕಣ್ಣಿಗೆ ಹಾರಿತು. ಮತ್ತೆ ಇಟ್ಟೆ.

ಮತ್ತೆ ಹಾರಿತು!

ಈ ಕ್ಯಾಮೆರಾಕ್ಕೆ ಎಂಟು ಮುಖಗಳ ಪರಿಚಯ ಮಾಡಿಸಿಡಬಹುದು. ಎಷ್ಟು ಜನರಿದ್ದರೂ ಅದು ಆ ಮುಖಗಳನ್ನೇ ಹುಡುಕಿ ಫೋಕಸ್ ಮಾಡುತ್ತದೆ. ಮದುವೆ ಫೋಟೋದವರು ನಾವು ಮದುಮಗನ ಮುಖ ಸೇರಿಸುತ್ತೇವೆ, ಕೆಲಸ ಮುಗಿದ ಮೇಲೆ ಅಳಿಸಲು ಮರೆಯುತ್ತೇವೆ. ಆದರೆ ಅವತ್ತು ನಾನು ಯಾರ ಮುಖವನ್ನೂ ಸೇರಿಸಿರಲಿಲ್ಲ.

ಕ್ಯಾಮೆರಾದ ಮುಖಗಳ ಪಟ್ಟಿ ತೆರೆದೆ. ಮೂರನೆಯದು ಫಾಝಿಲ್... ಗಡ್ಡವಿಲ್ಲ, ಕೊರಳಲ್ಲಿ ಮದುವೆ ಹಾರ.

ಕ್ಯಾಮೆರಾ ಹೋದ ತಿಂಗಳು ಮೂಡುಬಿದಿರೆಯ ಫೋಟೋಗ್ರಾಫರ್ ಹಸನಬ್ಬನಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹೊರಗೆ ಬಂದು ಆ ಮುಖದ ಚಿತ್ರ ಕಳಿಸಿ ಅವನಿಗೆ ಫೋನ್ ಮಾಡಿದೆ. ಎರಡು ವರ್ಷದ ಹಿಂದಿನ ಮದುವೆ, ಹೆಣ್ಣು ನಬೀಸಾ ಎಂದ. ಹದಿನೈದನೇ ದಿನ ಅವಳ ಚಿನ್ನ ಎತ್ತಿಕೊಂಡು ಗಲ್ಫಿಗೆ ಹೋದ ಗಂಡ ತಿರುಗಿ ನೋಡಿಲ್ಲವಂತೆ. ಅವಳ ನಂಬರ್ ಕೊಟ್ಟ. ಫೋನ್ ಇಟ್ಟು ತಿರುಗಿದರೆ ಬಾವಾ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಕಾರ್ಡ್ ಕೊಟ್ಟುಬಿಟ್ಟೆ.

ಮುಖಗಳ ಪಟ್ಟಿ ಇರುವುದು ಕಾರ್ಡಿನಲ್ಲಲ್ಲ, ಕ್ಯಾಮೆರಾದೊಳಗೆ. ಪಾಪ, ಅವನಿಗೇನು ಗೊತ್ತು!

ಕೈ ಸಡಿಲವಾಯಿತು. ಮೊಣಕೈಯಿಂದ ಅವನ ಹೊಟ್ಟೆಗೆ ಗುದ್ದಿ ಓಡಿದೆ. ಬಿರಿಯಾನಿಯ ದೊಡ್ಡ ಚೆಂಬುಗಳ ನಡುವೆ ನುಸುಳುತ್ತಲೇ ಕಿಸೆಯಲ್ಲಿದ್ದ ಬೇರೆ ಕಾರ್ಡ್ ಕ್ಯಾಮೆರಾಕ್ಕೆ ಹಾಕಿಕೊಂಡೆ. ಅಭ್ಯಾಸಬಲ. ಹಿಂದೆ ಬಾವಾನ ಹೆಜ್ಜೆ ಹತ್ತಿರವಾಗುತ್ತಿತ್ತು.

ಸ್ಟೇಜಿನಲ್ಲಿ ಹನೀಫಾಕ, ಕೈ ಹಿಡಿದು ಮಗಳನ್ನು ನಿಕಾಹ್ ಮಾಡಿಕೊಡಲು, ಅಳಿಯನ ಕಡೆಗೆ ಕೈ ಚಾಚಿಯಾಗಿತ್ತು.

"ಕೈ ಕೊಡಬೇಡಿ ಹನೀಫಾಕ. ನಾನು ಹೇಳಿದ್ದು ತಪ್ಪು."

ಪಟ್ಟಿ ತೋರಿಸಿದೆ. ಹಸನಬ್ಬ ಹೇಳಿದ್ದನ್ನೂ ಹೇಳಿದೆ; ಹಿಂದೆಯೇ ಬಂದ ಬಾವಾನನ್ನು ನೆಂಟರು ತಡೆದರು.

"ಅದು ನಾನಲ್ಲ. ನನ್ನ ಹಾಗೆ ಇರುವವ ಯಾರೋ" ಅಂದ ಫಾಝಿಲ್.

ನಾನು ವಾದಕ್ಕೆ ಹೋಗಲಿಲ್ಲ. ನಬೀಸಾಳಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದೆ. ಅವಳು ಹಲೋ ಅಂದಳು, ಅಷ್ಟೇ.

ಫಾಝಿಲ್ ಎದ್ದು ಓಡಿದ. ಹನೀಫಾಕ ಚಾಚಿದ ಕೈಯನ್ನು ಎದೆಗೆ ಒತ್ತಿಕೊಂಡು ಅತ್ತರು.

ನಾನು ಬಾಗಿಲಿಗೆ ಬಂದಾಗ ಫಾಝಿಲ್ ಕಾಂಪೌಂಡ್ ಗೋಡೆ ಹತ್ತಿದ್ದ. ಹಾರುವ ಮೊದಲು ಒಮ್ಮೆ ತಿರುಗಿ ನೋಡಿದ. ಕ್ಯಾಮೆರಾ ಒತ್ತಿದೆ. ಚೌಕ ಅವನ ಕಣ್ಣು ಬಿಟ್ಟು ಅಲುಗಲಿಲ್ಲ.

ಆ ಫೋಟೋ ಈಗ ಪೊಲೀಸರ ಹತ್ತಿರ ಇದೆ. ರೆಪ್ಪೆಯ ಕೂದಲನ್ನೂ ಎಣಿಸಬಹುದು... ನಾನು ತೆಗೆದ ಮದುಮಗರಲ್ಲಿ ಅಷ್ಟು ಶಾರ್ಪ್ ಬಂದವನು ಅವನೊಬ್ಬನೇ.